ಅಕ್ವೇರಿಯಂ ಮೀನು ಮಂಕಾದರೆ ಮೊದಲು ನೀರು ನೋಡಿ

ನಮ್ಮ ಕಡೆ ಅಕ್ವೇರಿಯಂ ಮೀನುಗಳು ಹುಷಾರು ತಪ್ಪಲಿಕ್ಕೆ ಎರಡು ಸೀಸನ್ ಉಂಟು. ಒಂದು ಏಪ್ರಿಲ್-ಮೇ, ಬಾವಿಯ ತಳ ಕಂಡು ಎಲ್ಲರೂ ನಳ್ಳಿ ನೀರಿಗೆ ತಿರುಗುವ ಹೊತ್ತು. ಇನ್ನೊಂದು ಜೂನ್, ಮಳೆ ಹಿಡಿದು ಬಾವಿ ಮತ್ತೆ ತುಂಬುವ ಹೊತ್ತು. ಆಗ ಯಾರಾದರೂ ಫೋನ್ ಮಾಡಿ "ಅಕ್ಕ, ಮೀನು ತಿನ್ನುವುದಿಲ್ಲ, ಎಂಥ ಮದ್ದು ಹಾಕಲಿ?" ಅಂದರೆ ನಾನು ಕೇಳುವುದು ಒಂದೇ: ಕೊನೆಗೆ ಟ್ಯಾಂಕಿಗೆ ಹಾಕಿದ್ದು ಯಾವ ನೀರು?

ಮಂಗಳೂರಿಗೆ ತುಂಬೆಯಿಂದ ಬರುವ ನೇತ್ರಾವತಿಯಾಗಲಿ, ಉಡುಪಿಗೆ ಬಜೆಯಿಂದ ಬರುವ ಸ್ವರ್ಣೆಯಾಗಲಿ, ನಳ್ಳಿಗೆ ಬರುವಾಗ ಕ್ಲೋರಿನ್ ಸೇರಿರುತ್ತದೆ. ನಮಗೆ ಅದು ಬೇಕು, ಮೀನಿಗೆ ಕಿವಿರು ಸುಡುತ್ತದೆ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯವನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ಕೆಡುಕಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯ ಫಿಲ್ಟರಿನ ಸ್ಪಂಜಿನಲ್ಲಿ ಇರುತ್ತದೆ, ಅದೂ ಕ್ಲೋರಿನ್ನಿಗೆ ಸಾಯುತ್ತದೆ. ಹಾಗಾಗಿ ಸ್ಪಂಜನ್ನು ನಳ್ಳಿಯ ಕೆಳಗೆ ಹಿಡಿದು ತಿಕ್ಕಬೇಡಿ, ಟ್ಯಾಂಕಿನದೇ ನೀರನ್ನು ಬಕೆಟಿಗೆ ತೆಗೆದು ಅದರಲ್ಲಿ ಹಿಂಡಿ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯ ನೆಲೆಯಾಗಲಿಕ್ಕೆ 4ರಿಂದ 6 ವಾರ ಬೇಕು. ತಂದ ದಿನವೇ ಹತ್ತು ಮೀನು ಬಿಟ್ಟು, ಮರುವಾರ ಒಂದೊಂದೇ ಸತ್ತರೆ ಅದು ಯಾವ ಕಾಯಿಲೆಯೂ ಅಲ್ಲ.

ನಳ್ಳಿ ನೀರನ್ನು ಅಗಲ ಬಾಯಿಯ ಬಕೆಟಿನಲ್ಲಿ 24 ಗಂಟೆ ಇಟ್ಟು ಬಳಸಿ, ಏರ್ ಪಂಪ್ ಬಿಟ್ಟರೆ ಇನ್ನೂ ಒಳ್ಳೆಯದು. ಮೇಲೆ ತೆಳು ಬಟ್ಟೆ ಕಟ್ಟಿ, ಮಂಗಳೂರಿನ ಸೊಳ್ಳೆಯ ವಿಷಯ ನಿಮಗೇ ಗೊತ್ತು. ಅವಸರ ಇದ್ದರೆ ಅಂಗಡಿಯಲ್ಲಿ ಆಂಟಿ ಕ್ಲೋರಿನ್ ಅಂತ ಕೇಳಿದರೆ ಕೊಡುತ್ತಾರೆ. ಬಾವಿ ನೀರಿಗೆ ಆ ರಗಳೆ ಇಲ್ಲ, ಆದರೆ ನಮ್ಮ ಕೆಂಪುಕಲ್ಲಿನ ನೆಲದ ನೀರು ಸಾಮಾನ್ಯವಾಗಿ ಮೃದು, ಸ್ವಲ್ಪ ಆಮ್ಲದ ಕಡೆಗೆ ಇರುವಂಥದ್ದು. ಮಾಲಿ ಮೀನಿಗೆ ಗಡಸು ನೀರು ಆಗಬೇಕು. ಇದ್ದಲ್ಲೇ ನಿಂತು ಮೈ ಓಲಾಡಿಸುತ್ತಾ ಇದ್ದರೆ ನೀರು ಹಿಡಿಸಿಲ್ಲ ಅಂತ ತಿಳಿಯಿರಿ. ಯಾವ ನೀರೇ ಆದರೂ ಕಾಲು ಭಾಗ ಬದಲಿಸಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಸೋಪು ಹಾಕಿ ಫಳಫಳ ತೊಳೆಯುವ ಮನೆಯಲ್ಲಿ ಮೀನು ಬಾಳುವುದಿಲ್ಲ.

ಇನ್ನು ಮೀನನ್ನು ನೋಡುವುದು. ಮೀನು ಇಳಿಸುವ ಧಕ್ಕೆಯಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡಿ ಅಭ್ಯಾಸ ಇದ್ದವರಿಗೆ ಇದು ಕಷ್ಟವಲ್ಲ, ಇಲ್ಲಿ ಮಾತ್ರ ಎತ್ತುವುದು ಬೇಡ, ದೂರ ಕೂತು ಕಿವಿರಿನ ಬಡಿತ ನೋಡಿ. ಎಲ್ಲ ಮೀನುಗಳೂ ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ನೀರಿನದೇ ತೊಂದರೆ: ಒಂದೋ ಗಾಳಿ ಸಾಲದು, ಇಲ್ಲವೇ ಅಮೋನಿಯ ಏರಿದೆ. ಮೇ ತಿಂಗಳ ಬಿಸಿ ನೀರು ಆಮ್ಲಜನಕವನ್ನು ಕಮ್ಮಿ ಹಿಡಿಯುತ್ತದೆ, ಅದರ ಮೇಲೆ ಗುಡುಗಿಗೆ ಕರೆಂಟು ಹೋದರೆ ಕೇಳುವುದೇ ಬೇಡ. ಆಗ ಚೆಂಬಿನಲ್ಲಿ ನೀರೆತ್ತಿ ಮೇಲಿನಿಂದ ಸುರಿಯುತ್ತಾ ಇರಿ, ತಿಂಡಿ ಹಾಕಬೇಡಿ. ಫೈಟರ್ ಮತ್ತು ಗುರಾಮಿ ಮಾತ್ರ ಆಗಾಗ ಮೇಲೆ ಬಂದು ಗಾಳಿ ನುಂಗುವ ಜಾತಿ, ಅದಕ್ಕೆ ಹೆದರಬೇಡಿ. ಒಂದೇ ಮೀನು ಮೂಲೆ ಹಿಡಿದು, ರೆಕ್ಕೆ ಮೈಗೆ ಒತ್ತಿಕೊಂಡು ನಿಂತರೆ ಅದರ ಮೈಯಲ್ಲಿ ಏನೋ ಉಂಟು.

ಹೆಚ್ಚಾಗಿ ಬರುವುದು ಬಿಳಿಚುಕ್ಕೆ, ಅಂಗಡಿಯವರು ಇಕ್ ಅನ್ನುತ್ತಾರೆ. ಮೈ, ರೆಕ್ಕೆಯ ಮೇಲೆಲ್ಲ ಪುಡಿಯುಪ್ಪು ಉದುರಿಸಿದ ಹಾಗೆ ಕಾಣುತ್ತದೆ, ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ಗಂಡು ಗೋಲ್ಡ್‌ಫಿಶ್ ಪ್ರಾಯಕ್ಕೆ ಬಂದಾಗ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆರೆಕ್ಕೆಯ ಮುಂದಿನ ಅಂಚಿನಲ್ಲಿ ಮಾತ್ರ ಸಾಲಾಗಿ ಬಿಳಿ ಗುಳ್ಳೆ ಏಳುತ್ತವೆ, ಅದು ಇಕ್ ಅಲ್ಲ. ಎಷ್ಟೋ ಮನೆಯಲ್ಲಿ ಆರೋಗ್ಯವಂತ ಮೀನಿಗೇ ಮದ್ದು ಬೀಳುವುದು ಹೀಗೆ. ಇಕ್ ಪರೋಪಜೀವಿ ಮೀನಿನ ಚರ್ಮದೊಳಗೆ ಇರುವಷ್ಟು ದಿನ ಮದ್ದು ಅದಕ್ಕೆ ತಾಗುವುದಿಲ್ಲ. ಬೆಳೆದು ಕೆಳಗೆ ಬಿದ್ದು, ಅಲ್ಲಿ ಒಡೆದು ನೂರಾರು ಮರಿಯಾಗಿ ಈಜುವಾಗ ಮಾತ್ರ ಸಾಯುತ್ತದೆ. ಆದ್ದರಿಂದ ಚುಕ್ಕೆ ಮಾಯವಾಯಿತು ಅಂತ ನಿಲ್ಲಿಸಬೇಡಿ, ಮತ್ತೆ ಒಂದು ವಾರ ಹತ್ತು ದಿನ ಮುಂದುವರಿಸಿ. ನೀರು ಬೆಚ್ಚಗಿದ್ದಷ್ಟು ಈ ಸುತ್ತು ಬೇಗ ಮುಗಿಯುತ್ತದೆ. ಬೇಸಗೆಯಲ್ಲಿ ನಮ್ಮ ನೀರು ಹೇಗೂ 30 ಡಿಗ್ರಿ ಆಸುಪಾಸು ಇರುತ್ತದೆ. ಮಳೆಗಾಲದಲ್ಲಿ ಹೀಟರ್ ಇದ್ದರೆ ನಿಧಾನವಾಗಿ ಅಷ್ಟಕ್ಕೆ ತನ್ನಿ, ಗಾಳಿಯನ್ನೂ ಹೆಚ್ಚಿಸಿ.

ಇದಕ್ಕೆ ನನ್ನ ಮೊದಲ ಮದ್ದು ಅಯೋಡಿನ್ ಸೇರಿಸದ ಕಲ್ಲುಪ್ಪು. ಲೆಕ್ಕ ಮಾತ್ರ ಸರಿಯಾಗಿರಬೇಕು. ಟ್ಯಾಂಕಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 60, 30, 30ರ ಟ್ಯಾಂಕ್ ಅಂದರೆ 54 ಲೀಟರ್. ಕಲ್ಲು, ಖಾಲಿ ಜಾಗ ಕಳೆದರೆ ಸುಮಾರು 45. ಲೀಟರಿಗೆ 2 ಗ್ರಾಂ ಹಿಡಿದರೆ 90 ಗ್ರಾಂ ಉಪ್ಪು. ಅದನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ, ಒಂದು ದಿನದಲ್ಲಿ ಮೂರು ಕಂತಾಗಿ ಹಾಕಿ. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ, ಹಾಗಾಗಿ ಆಮೇಲೆ ಬದಲಿಸಿದ ನೀರಿಗೆ ಎಷ್ಟು ಬೇಕೋ ಅಷ್ಟೇ ಸೇರಿಸಿ. ಗಿಡ ಇದ್ದರೆ, ಕೋರಿಡೋರಾಸ್, ಲೋಚ್ ಥರದ ಮೀನು ಇದ್ದರೆ ಟ್ಯಾಂಕಿಗೆ ಉಪ್ಪು ಬೇಡ, ಕಾಯಿಲೆಯ ಮೀನನ್ನೇ ಟಬ್ಬಿಗೆ ಹಾಕಿ. ಆ ಟಬ್ಬು ಸೋಪು ಕಂಡಿರಬಾರದು.

ನೀಲಿ ಬಾಟಲಿಯ ಮಿಥಿಲೀನ್ ಬ್ಲೂ ಕೂಡ ಟಬ್ಬಿಗೇ ಸರಿ. ದೊಡ್ಡ ಟ್ಯಾಂಕಿಗೆ ಸುರಿದರೆ ಫಿಲ್ಟರಿನ ಬ್ಯಾಕ್ಟೀರಿಯಕ್ಕೂ ಪೆಟ್ಟು, ಗಾಜಿನ ಅಂಟಿಗೂ ನೀಲಿ ಕಲೆ. ರೆಕ್ಕೆಯ ಅಂಚು ಹರಿದು ಬೆಳ್ಳಗಾಗುತ್ತಿದ್ದರೆ ಶುರುವಿನಲ್ಲಿ ಶುದ್ಧ ನೀರೇ ಸಾಕಾಗುತ್ತದೆ. ಬಾಯಿಯ ಸುತ್ತ ಬೂದುಬಿಳಿ ಪೊರೆ ಕಟ್ಟಿದರೆ ಅದು ಬೂಸ್ಟು (ಫಂಗಸ್) ಹಿಡಿದ ಹಾಗೆ ಕಂಡರೂ ಹೆಚ್ಚಾಗಿ ಬ್ಯಾಕ್ಟೀರಿಯ, ಅದಕ್ಕೆ ನೀರು ಬಿಸಿ ಮಾಡಿದರೆ ಇನ್ನೂ ಜೋರಾಗುತ್ತದೆ. ಗೋಲ್ಡ್‌ಫಿಶ್ ತಲೆಕೆಳಗಾಗಿ ತೇಲಿದರೆ ಎರಡು ದಿನ ಉಪವಾಸ ಹಾಕಿ, ಆಮೇಲೆ ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿ ಒಂದು ಚೂರು ಕೊಡಿ. ಹೊಟ್ಟೆ ಊದಿ ಹುರುಪೆಗಳೆಲ್ಲ ನಿಮಿರಿ ನಿಂತದ್ದು ಉಳಿಯುವುದು ಅಪರೂಪ, ಮಕ್ಕಳಿಗೆ ಸುಳ್ಳು ಭರವಸೆ ಕೊಡಬೇಡಿ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಸುರಿಯುವ ಚಾಳಿ ಕೆಲವರಲ್ಲಿ ಉಂಟು, ಅದು ನನಗೆ ಸುತರಾಂ ಒಪ್ಪಿಗೆಯಿಲ್ಲ. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು ನಮ್ಮ ಮಂಗಳೂರಿನಲ್ಲೇ. ಅಲ್ಲಿ ಓದಿದವರು ಪರಿಚಯದಲ್ಲಿದ್ದರೆ ಅವರನ್ನೊಂದು ಮಾತು ಕೇಳಿ ನೋಡಿ ಮಾರಾಯ್ರೆ.

ಕೈಯಲ್ಲಿ ಗಾಯ ಇದ್ದಾಗ ಟ್ಯಾಂಕಿಗೆ ಕೈ ಹಾಕಬೇಡಿ, ಮೀನಿನಿಂದ ಮನುಷ್ಯರ ಚರ್ಮಕ್ಕೆ ದಾಟುವ ಸೋಂಕೂ ಉಂಟು. ಸತ್ತದ್ದನ್ನು ತೋಡಿಗೆ ಎಸೆಯದೆ ತೆಂಗಿನ ಬುಡದಲ್ಲಿ ಹೂಳಿ. ಕಾಯಿಲೆಯ ಮೀನು ಹಿಡಿದ ಬಲೆಯನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿದ ಮೇಲೆಯೇ ಬೇರೆ ಟ್ಯಾಂಕಿಗೆ ಇಳಿಸಿ. ಆಟಿಯ ಮಳೆಯಲ್ಲಿ ಬಿಸಿಲು ಕಾಣದಿದ್ದರೆ ಬಚ್ಚಲ ಒಲೆಯ ಹತ್ತಿರ ತೂಗುಹಾಕಿದರಾಯಿತು.