ಬಂದರಿನ ಮಕ್ಕಳಿಗೆ ಗೆಜ್ಜೆ ಕಟ್ಟಿಸಿದ್ದು: ನನ್ನ ಅನುಭವ

"ಘಟ್ಟದ ಮೇಲಿನ ಮಕ್ಕಳಿಗೆ ಆ ನಾಲಿಗೆ ತಿರುಗುವುದಿಲ್ಲ. ಸುಮ್ನೆ ಯಾಕೆ ದುಡ್ಡು ಹಾಳು ಮಾಡ್ತೀರಿ?" ಮಲ್ಪೆ ಬಂದರಿಗೆ ದುಡಿಯಲು ಬಂದ ಬಾದಾಮಿ, ಗಂಗಾವತಿ ಕಡೆಯವರ ಮಕ್ಕಳಿಗೆ ಯಕ್ಷಗಾನ ಕಲಿಸುತ್ತೇನೆ ಎಂದಾಗ ಪದ ಹಾಡುವ ನಮ್ಮ ಭಾಗವತರೇ ಹೀಗೆ ಹೇಳಿದ್ದರು. ಕಳೆದ ಡಿಸೆಂಬರಿನಲ್ಲಿ ಆ ಮಕ್ಕಳ ಯಕ್ಷಗಾನದ ಆಟಕ್ಕೆ ಪದ ಹೇಳಿದ್ದೂ ಅವರೇ.

ಮೊದಲ ವರ್ಷ ಪೂರ್ತಿ ಸೋತೆ. ಜೂನ್‌ನಲ್ಲಿ ಶುರು ಮಾಡಿದ್ದೇ ತಪ್ಪು. ಹದಿನೆಂಟು ಮಕ್ಕಳಲ್ಲಿ ಅರ್ಧದಷ್ಟು ಬಿತ್ತನೆಗೆ ಊರಿಗೆ ಹೋದರು, ಉಳಿದವರು ನಾಗರಪಂಚಮಿಗೆ. ನಮಗೆ ಪಂಚಮಿ ಅಂದರೆ ನಾಗನಿಗೆ ತನು (ಹಾಲು, ಎಳನೀರು) ಎರೆದು, ಅರಿಸಿನ ಎಲೆಯ ಕಡುಬು ತಿಂದರೆ ಮುಗಿಯಿತು. ಅವರಿಗೆ ಜೋಕಾಲಿ, ಶೇಂಗಾ ಉಂಡಿ, ತವರಿಗೆ ಬರುವ ಅಕ್ಕಂದಿರು. ಬಿಟ್ಟಿರಲು ಆಗುತ್ತದಾ?

ಹೇಗೋ ಆಟ ಆಯಿತು. ಬಾಯಿಪಾಠದ ಮಾತು ಮರೆತು ಅಭಿಮನ್ಯು "ದ್ರೋಣ ಎಲ್ಲಿ ಅದಾನ?" ಅಂದ. ಜನ ನಕ್ಕರು. ಹುಡುಗ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಬಂದು ಅತ್ತ. ವೇಷದ ಬಾಡಿಗೆ, ಹಿಮ್ಮೇಳ, ಮೈಕು ಸೇರಿ ಹತ್ತಿರ ಹತ್ತಿರ 22 ಸಾವಿರ ನನ್ನ ಕೈಯಿಂದ ಹೋಯಿತು.

ಮರುವರ್ಷ ಪಂಚಮಿ ಕಳೆದ ಮೇಲೆ ತರಗತಿ ಇಟ್ಟೆ. ಬರೆದ ಅರ್ಥ, ಅಂದರೆ ವೇಷಧಾರಿ ಆಡುವ ಮಾತು, ಕೊಡಲೇ ಇಲ್ಲ. ಕಥೆ ಹೇಳಿ, "ನಿನ್ನ ಮಾತಲ್ಲೇ ದ್ರೋಣನಿಗೆ ಬೈಯಿ" ಅಂದೆ. ಬಾಯಿಗೆ ಬಂದದ್ದನ್ನು ಒಂದೊಂದೇ ವಾಕ್ಯ ಯಕ್ಷಗಾನದ ಕನ್ನಡಕ್ಕೆ ತಿರುಗಿಸಿದೆವು. ವಾದ ಅವರದೇ, ಹಾಗಾಗಿ ಮರೆಯಲಿಲ್ಲ. ಉಚ್ಚಾರ ತಿದ್ದಲು ನನ್ನದೊಂದು ಉಪಾಯ ಇದೆ. ಅದನ್ನು ಬರೆಯುವುದಿಲ್ಲ, ತರಗತಿಗೆ ಬಂದವರಿಗೆ ತೋರಿಸುತ್ತೇನೆ. ಈಗ ಇವರ ಅರ್ಥಗಾರಿಕೆ ನಮ್ಮೂರಿನ ಮಕ್ಕಳಿಗಿಂತ ಚುರುಕು. ಯಾರು ಬೇಕಾದರೂ ಬಂದು ಕೇಳಲಿ.

ಒಬ್ಬಳು ಹುಡುಗಿಯ ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರು ಊರಿನಲ್ಲಿ ದೊಡ್ಡಾಟದ (ಆ ಕಡೆಯ ಬಯಲಾಟ) ಹಾಡುಗಾರ. ಎಂಟು ವರ್ಷದಿಂದ ಇಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದಾರೆ, ಯಾರಿಗೂ ಗೊತ್ತಿರಲಿಲ್ಲ. ಹಾಡಿಸಿದೆ. ಅವರ ಹಾಡಿಗೆ ಚೆಂಡೆ ಸೇರಲಿಲ್ಲ, ಎರಡು ಸಂಜೆ ಒದ್ದಾಡಿ ಬಿಟ್ಟೆವು. ಮದ್ದಲೆ ಸೇರಿತು. ಆಟದ ದಿನ ಮೊದಲಿಗೆ ಅವರ ಎರಡು ಪದ ಇಟ್ಟೆವು.

ಅಂದು ಬಂದರಿನಿಂದ ಇನ್ನೂರಕ್ಕಿಂತ ಜಾಸ್ತಿ ಜನ ಬಂದಿದ್ದರು. ಹಿಂದಿನ ವರ್ಷ ಗೋಡೆಯ ಬದಿಯಲ್ಲಿ ನಿಂತಿದ್ದವರು ಈ ಸಲ ಮೀನು ಮಾರುವ ಹೆಂಗಸರ ಜೊತೆ ಮುಂದೆಯೇ ಚಾಪೆ ಹಾಸಿ ಕೂತರು. ಬೋಟಿನ ಮಾಲೀಕರೊಬ್ಬರು ವೇಷದ ಬಾಡಿಗೆಯಲ್ಲಿ ಅರ್ಧ ಕೊಟ್ಟರು. ಆ ಅಪ್ಪನನ್ನು ಬಂದರಿನಲ್ಲಿ ಈಗ ಯಾರೂ "ಓ ಘಟ್ಟದವನೇ" ಅನ್ನುವುದಿಲ್ಲ. "ಭಾಗವತರೇ" ಅನ್ನುತ್ತಾರೆ.

ಚೌಕಿಯಲ್ಲಿ ಅತ್ತ ಹುಡುಗ ಮಾತ್ರ ಮರಳಿ ಬಂದಿಲ್ಲ. ಮೂರು ಸಲ ಅವನ ಮನೆಗೆ ಹೋದೆ. ಈ ಪಂಚಮಿ ಮುಗಿಸಿ ಊರಿಂದ ಬರಲಿ, ಮತ್ತೆ ಹೋಗುತ್ತೇನೆ.