ವಾರದ ರಜೆ ಮುಗಿಸಿ ಬಂದ ದಿನವೇ ಎದೆ ಬಿಗಿಯೋದು ಯಾಕೆ? ಸ್ಪಿನ್ನಿಂಗ್ ಮಿಲ್‌ನಲ್ಲಿ ನನ್ನ ಅನುಭವ

ದಾವಣಗೆರೆ ಕಡೆ ಒಂದು ಸ್ಪಿನ್ನಿಂಗ್ ಮಿಲ್‌ನಲ್ಲಿ ಒಂಬತ್ತು ವರ್ಷ ಸೇಫ್ಟಿ ಆಫೀಸರ್ ಆಗಿದ್ದೆ. ಬ್ಲೋ ರೂಮ್ (ಹತ್ತಿ ಬಿಡಿಸಿ ಕಸ ತೆಗೆಯೋ ಜಾಗ), ಕಾರ್ಡಿಂಗ್ (ಎಳೆ ಬಾಚೋ ಜಾಗ) ಕಡೆಯವ್ರು ವಾರದ ರಜೆ ಮುಗಿಸಿ ಬಂದ ದಿನ ಮಧ್ಯಾಹ್ನದ ಹೊತ್ತಿಗೆ ಎದೆ ಹಿಡ್ಕೊಂಡಂಗಾಗುತ್ತೆ, ಕೆಮ್ಮು, ಮೈ ಬಿಸಿ ಅಂತಿದ್ರು, ಸೂಪರ್‌ವೈಸರ್‌ಗಳು "ನಿನ್ನೆ ಕುಡಿದಿರ್ತಾನೆ ಬಿಡಿ ಸರ್" ಅನ್ನೋರು, ನಾನೂ ಎರಡು ವರ್ಷ ಅದನ್ನೇ ನಂಬಿದ್ದೆ, ಅದರ ಬೇಜಾರು ಇನ್ನೂ ಹೋಗಿಲ್ಲ. ಕಸ ಗುಡಿಸೋ ಅಮ್ಮ ಒಬ್ರು ಬಂದು "ನಾನು ಕುಡಿಯಲ್ಲ ಸರ್, ನಂಗ್ಯಾಕೆ ಹಿಂಗಾಗುತ್ತೆ?" ಅಂದಾಗ ನನ್ನತ್ರ ಉತ್ತರ ಇರ್ಲಿಲ್ಲ.

ಒಂದು ಪೀಕ್ ಫ್ಲೋ ಮೀಟರ್ ತಗೊಂಡೆ. ಕೈಯಲ್ಲಿ ಹಿಡಿಯೋ ಪ್ಲಾಸ್ಟಿಕ್ ಕೊಳವೆ ಅದು, ಜೋರಾಗಿ ಊದಿದ್ರೆ ಮುಳ್ಳು ಸರಿದು ಉಸಿರಿನ ವೇಗ ನಿಮಿಷಕ್ಕೆ ಎಷ್ಟು ಲೀಟರ್ ಅಂತ ತೋರಿಸುತ್ತೆ. ಶಿಫ್ಟಿಗೆ ಮುಂಚೆ ಮೂರು ಸಲ, ಮುಗಿದ್ಮೇಲೆ ಮೂರು ಸಲ, ಜಾಸ್ತಿ ಬಂದಿದ್ದನ್ನ ಬರ್ಕೊಳೋದು. ನಮ್ಮಲ್ಲಿ ರಜೆ ಒಬ್ಬೊಬ್ರಿಗೆ ಒಂದೊಂದು ದಿನ, ಹಂಗಾಗಿ ಪ್ರತಿ ಹೆಸರಿನ ಮುಂದೆ ರಜೆ ದಿನಾನೂ ಬರೆದೆ, ಅದು ಬರೀದೇ ಇದ್ದಿದ್ರೆ ಏನೂ ಗೊತ್ತಾಗ್ತಿರ್ಲಿಲ್ಲ. ಆ ಅಮ್ಮಂದು ರಜೆ ಮಾರನೇ ದಿನ ಬೆಳಗ್ಗೆ 340, ಸಂಜೆ 280. ನಾಲ್ಕನೇ ದಿನಕ್ಕೆ ಇಳಿಯೋದು ಹತ್ತು ಹದಿನೈದು ಅಷ್ಟೇ.

ಇದಕ್ಕೆ ಬಿಸ್ಸಿನೋಸಿಸ್ ಅಂತಾರೆ, ಹತ್ತಿ ಧೂಳಿಂದ ಬರೋ ಶ್ವಾಸಕೋಶದ ಕಾಯಿಲೆ, 1948ರ ಕಾರ್ಖಾನೆ ಕಾಯ್ದೆಯ ಕಾಯಿಲೆಗಳ ಷೆಡ್ಯೂಲಲ್ಲೇ (ಪಟ್ಟಿಯಲ್ಲೇ) ಇತ್ತು. ಎಕ್ಸ್‌ರೇಲಿ ವಿಶೇಷವಾಗಿ ಏನೂ ಕಾಣಲ್ಲ, ಅದಕ್ಕೇ "ಎಲ್ಲಾ ನಾರ್ಮಲ್" ಅಂತ ವಾಪಸ್ ಕಳಿಸಿಬಿಡ್ತಾರೆ. ಬರೀ ಧೂಳಿನ ತೊಂದರೆ ಅಲ್ಲ ಇದು. ಹತ್ತಿ ಜೊತೆ ಬರೋ ಎಲೆ, ಕಾಯಿ ಸಿಪ್ಪೆ ಚೂರಲ್ಲಿ ಗ್ರಾಂ ನೆಗೆಟಿವ್ ಅನ್ನೋ ಗುಂಪಿನ ಬ್ಯಾಕ್ಟೀರಿಯಾ ಇರುತ್ತೆ, ಅದರ ಹೊರಪದರದ ಎಂಡೋಟಾಕ್ಸಿನ್ ಅನ್ನೋ ವಿಷ ಬ್ಯಾಕ್ಟೀರಿಯಾ ಸತ್ತ ಮೇಲೂ ಉಳ್ಕೊಂಡು ಧೂಳಿನ ಜೊತೆ ಶ್ವಾಸಕೋಶಕ್ಕೆ ಹೋಗಿ ಉರಿಯೂತ ಎಬ್ಬಿಸುತ್ತೆ. ದಿನಾ ಒಳಗೆ ಹೋಗ್ತಾ ಹೋಗ್ತಾ ಮೈ ಸ್ವಲ್ಪ ಒಗ್ಗಿಕೊಳ್ಳುತ್ತೆ, ಒಂದು ರಜೆಗೆ ಅದು ಬಿಟ್ಟುಹೋಗಿ ಮತ್ತೆ ಮೊದಲಿಂದ ಶುರು. ಒಗ್ಗಿದೆ ಅಂತ ಹಾನಿ ನಿಂತಿರಲ್ಲ. ಶಾಂಘೈನಲ್ಲಿ 1981ರಿಂದ ಹತ್ತಿ ಗಿರಣಿಯವರನ್ನೂ, ಹೋಲಿಸಿ ನೋಡೋಕೆ ರೇಷ್ಮೆ ಗಿರಣಿಯವರನ್ನೂ ದಶಕಗಟ್ಟಲೆ ಪರೀಕ್ಷೆ ಮಾಡ್ತಾ ಬಂದ್ರು, ಉಸಿರಿನ ಶಕ್ತಿ ಜಾಸ್ತಿ ಕುಸಿದಿದ್ದು ಹತ್ತಿಯವರದ್ದು.

ಆಮೇಲೆ ನಂಗೆ ಹೊಳೆದಿದ್ದು ಹ್ಯುಮಿಡಿಫಿಕೇಶನ್ ಪ್ಲಾಂಟ್. ನೂಲು ಕಡೀಬಾರ್ದು ಅಂತ ಗಾಳಿಗೆ ತೇವ ಕೊಡ್ತೀವಲ್ಲ, ಅದೇ ನೀರು ಸುತ್ತಿ ಸುತ್ತಿ ಬರೋದು, ಟ್ಯಾಂಕಿನ ತಳಕ್ಕೆ ಕೈ ಹಾಕಿದ್ರೆ ಲೋಳೆ ಲೋಳೆ. ಅದು ಬ್ಯಾಕ್ಟೀರಿಯಾ ಬೆಳೆಯೋ ಜಾಗ, ಅದನ್ನೇ ಇಡೀ ಶೆಡ್ಡಿಗೆ ಸಿಂಪಡಿಸ್ತಿದ್ವಿ. ಜಗಳ ಆಡಿ ಟ್ಯಾಂಕ್ ಖಾಲಿ ಮಾಡಿ ತಿಕ್ಕಿಸೋ ಪದ್ಧತಿ ತಂದೆ, ಮಷಿನ್ ಮೇಲೆ ಏರ್ ಹೊಡೆದು ಧೂಳು ಎಬ್ಬಿಸೋದು ಬಿಡಿಸಿ ವ್ಯಾಕ್ಯೂಮ್ ತರಿಸ್ದೆ. ಮಾಸ್ಕ್ ಕೊಟ್ವಿ, ಆದ್ರೆ ಆ ಸೆಕೆಯಲ್ಲಿ ಎಂಟು ಗಂಟೆ ಹಾಕ್ಕೊಂಡಿರಿ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ, ಮೊದಲು ಧೂಳು ಕಮ್ಮಿ ಆಗ್ಬೇಕು.

ಆ ಅಮ್ಮನ್ನ ಪ್ಯಾಕಿಂಗಿಗೆ ಹಾಕಿಸ್ದೆ, ಸುಧಾರಿಸ್ಕೊಂಡ್ರು. ಆದ್ರೆ ಕಾರ್ಡಿಂಗ್‌ನ ಹಿರಿಯರೊಬ್ರದ್ದು ರಜೆ ಮುಗಿಸಿ ಬಂದ ಬೆಳಗ್ಗೆನೂ 210 ದಾಟ್ತಿರ್ಲಿಲ್ಲ. ಮೆಡಿಕಲ್ ಫಾರ್ಮಲ್ಲಿ "ಬೀಡಿ ಸೇದುವವರು" ಅಂತ ಬರೆದು ಬಿಟ್ಟಿದ್ರು. ಸೇದ್ತಿದ್ದಿದ್ದು ನಿಜ, 24 ವರ್ಷ ಕಾರ್ಡಿಂಗಲ್ಲಿ ನಿಂತಿದ್ದೂ ನಿಜ. ಅದನ್ನ ಬರೆಯೋಕೆ ಫಾರ್ಮಲ್ಲಿ ಜಾಗ ಇರ್ಲಿಲ್ಲ, ಹಿಂದುಗಡೆ ಬರೆದು ಸಹಿ ಹಾಕಿ ಕೊಟ್ಟೆ.