ಕಾಲೇಜಿನ ಪ್ರೆಸ್ಸು ಬಿಟ್ಟ ಮೇಲೆ: ಮುಂಬಯಿಯಲ್ಲಿ ಅಚ್ಚುಚಿತ್ರದ ಕೆಲಸ ಶುರು ಮಾಡುವುದು ಹೇಗೆ?

ಕಲಾಶಾಲೆ ಮುಗಿಸಿದವರನ್ನು ಮೊದಲು ಕಾಡುವುದು ಅಚ್ಚು ಒತ್ತುವ ಪ್ರೆಸ್ಸಿನ ಚಿಂತೆ. ಅಲ್ಲಿ ಲೋಹದ ತಗಡಿನ ಅಚ್ಚಿಗೆ ಎಚ್ಚಿಂಗ್ ಪ್ರೆಸ್ಸು, ಕಲ್ಲಚ್ಚಿಗೆ ಲಿಥೋ ಕಲ್ಲು ಎಲ್ಲ ಕೈಗೆ ಸಿಗುತ್ತಿತ್ತು. ಡೊಂಬಿವಿಲಿಯ ಒಂದು ಕೋಣೆಯ ಮನೆಗೆ ಅದನ್ನೆಲ್ಲ ತರೋದು ಆಗದ ಮಾತು. ಎಷ್ಟೋ ಒಳ್ಳೆಯ ಕೈಗಳು ಇಲ್ಲೇ ನಿಂತುಬಿಡುತ್ತವೆ. ದಯವಿಟ್ಟು ನಿಲ್ಲಬೇಡಿ. ದುಡ್ಡು ಕೂಡುವವರೆಗೆ ಕಾಯದೆ ಲಿನೋಕಟ್‌ನಿಂದ ಶುರು ಮಾಡಿ; ಅಂದರೆ ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೆತ್ತಿ, ಇಂಕು ಹಚ್ಚಿ ಕಾಗದಕ್ಕೆ ಅಚ್ಚು ತೆಗೆಯುವುದು. ಅದಕ್ಕೆ ಒಂದು ಮೇಜು ಸಾಕು.

ಸಾಮಾನು

ಲಿನೋ ಹಾಳೆ, ವಿ ಮತ್ತು ಯು ಆಕಾರದ ಎರಡು ಉಳಿ, ರಬ್ಬರ್ ರೋಲರ್, ಒಂದು ಗಾಜಿನ ತುಂಡು, ಕಪ್ಪು ಇಂಕು, ಪ್ರೆಸ್ಸಿನ ಬದಲು ಕಾಗದ ಉಜ್ಜಲು ಅಡುಗೆಮನೆಯ ಸ್ಟೀಲ್ ಚಮಚ. ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟಿನಲ್ಲಿ ಒಂದು ಸುತ್ತು ಹಾಕಿದರೆ ಬೇಕಾದ್ದು ಬಹುಪಾಲು ಸಿಗುತ್ತದೆ. ಕಾಗದ ಮಾತ್ರ ನೋಡಿ ತನ್ನಿ. ಪುಣೆಯ ಶಿವಾಜಿನಗರದಲ್ಲಿ 1940ರಲ್ಲಿ ಶುರುವಾದ, ಕೈಯಿಂದ ಕಾಗದ ಮಾಡುವ ಸಂಸ್ಥೆ ಇದೆ. ಎಲ್ಲಿಂದ ತಂದರೂ ಚಮಚದಿಂದ ಉಜ್ಜುವವರಿಗೆ ತೆಳುವಾದ, ನುಣುಪಾದ ಕಾಗದವೇ ಬೇಕು. ದಪ್ಪ, ಒರಟು ಕಾಗದ ಕೈ ಒತ್ತಡಕ್ಕೆ ಇಂಕು ಹಿಡಿಯುವುದಿಲ್ಲ.

ಕೆತ್ತುವುದು, ಅಚ್ಚು ತೆಗೆಯುವುದು

ಅಚ್ಚಿನಲ್ಲಿ ಚಿತ್ರ ತಿರುಗುಮುರುಗಾಗುತ್ತದೆ. ಹಾಗಾಗಿ ಟ್ರೇಸಿಂಗ್ ಕಾಗದದ ಮೇಲೆ ಬರೆದು, ಮಗುಚಿ ಹಾಕಿ ಲಿನೋಗೆ ಇಳಿಸಿ. ಕನ್ನಡ ಅಕ್ಷರ ಕೆತ್ತುವವರಿಗೆ ಇದು ಇನ್ನೂ ಮುಖ್ಯ. ನಮ್ಮ ಅಕ್ಷರಗಳ ದುಂಡು, ಕೆಳಗಿನ ಒತ್ತು ಚಿಕ್ಕ ಅಳತೆಯಲ್ಲಿ ಮುಚ್ಚಿಹೋಗುತ್ತವೆ. ಅಕ್ಷರ ಸ್ವಲ್ಪ ದೊಡ್ಡದಾಗಿಯೇ ಇರಲಿ.

ಲಿನೋ ಗಟ್ಟಿಯಾಗಿದ್ದರೆ ಸ್ವಲ್ಪ ಹೊತ್ತು ಬಿಸಿಲಲ್ಲಿ ಇಡಿ, ಮೆತ್ತಗಾಗುತ್ತದೆ. ಹಾಳೆ ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆಯೇ ಇರಲಿ. ತಿರುವು ಬಂದಾಗ ಉಳಿಯನ್ನು ತಿರುಗಿಸಬೇಡಿ, ಹಾಳೆಯನ್ನು ತಿರುಗಿಸಿ.

ಈಗ ಇಂಕು. ಗಾಜಿನ ಮೇಲೆ ಒಂದು ಚೂರು ಹಾಕಿ, ರೋಲರ್‌ನಿಂದ ತೆಳ್ಳಗೆ ಹರಡಿ. ಹದ ಬಂದಾಗ ರೋಲರ್ ಅಡಿಯಿಂದ ಚರ್ರ್ ಎಂಬ ಸಣ್ಣ ಸದ್ದು ಬರುತ್ತದೆ. ಪಚಪಚ ಅಂದರೆ ಇಂಕು ಜಾಸ್ತಿಯಾಗಿದೆ, ಸಣ್ಣ ಗೆರೆಗಳೆಲ್ಲ ತುಂಬಿಹೋಗುತ್ತವೆ. ಕಾಗದ ಹಾಸಿ, ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿನ ಕಡೆಗೆ ಉಜ್ಜಿ. ಪೂರ್ತಿ ತೆಗೆಯುವ ಮೊದಲು ಒಂದು ಮೂಲೆ ಎತ್ತಿ ನೋಡಿ; ಮಸುಕಿದ್ದಲ್ಲಿ ಮತ್ತೆ ಉಜ್ಜಿ. ಈ ಹದ ಕೈಗೆ ಬರುವವರೆಗೆ ಹಳೆಯ ಪೇಪರಿನ ಮೇಲೆ ತೆಗೆಯುತ್ತಾ ಇರಿ.

ಮಳೆಗಾಲದಲ್ಲಿ ಎಣ್ಣೆ ಇಂಕು ಬೇಗ ಒಣಗುವುದಿಲ್ಲ, ಕಾಗದಕ್ಕೆ ಬೂಸ್ಟು ಬೇರೆ. ಪ್ರಿಂಟುಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಿ.

ಎಣಿಕೆ ಮತ್ತು ಸಹಿ

ಎಷ್ಟು ಪ್ರತಿ ಎಂದು ಮೊದಲೇ ತೀರ್ಮಾನಿಸಿ. ಪೆನ್ಸಿಲಿನಲ್ಲಿ ಎಡಕ್ಕೆ 3/20 (20ರಲ್ಲಿ 3ನೆಯ ಪ್ರತಿ) ಎಂಬಂತೆ ಸಂಖ್ಯೆ, ನಡುವೆ ಚಿತ್ರದ ಹೆಸರು, ಬಲಕ್ಕೆ ಸಹಿ. 20 ಎಂದ ಮೇಲೆ 21ನೆಯದು ತೆಗೆಯಬಾರದು. ಕೊಂಡವರು ಈ ಮಾತನ್ನು ನಂಬಿಯೇ ದುಡ್ಡು ಕೊಟ್ಟಿರುತ್ತಾರೆ, ಅಲ್ವಾ?

ಎಲ್ಲಿ ತೋರಿಸುವುದು

ಜಹಾಂಗೀರ್ ಆರ್ಟ್ ಗ್ಯಾಲರಿಯ ಒಳಗೆ ಜಾಗ ಸಿಗಲು ಬಹಳ ಕಾಯಬೇಕು. ಹೊರಗಿನ ಫುಟ್‌ಪಾತಿನಲ್ಲಿ ಕಲಾವಿದರು ಚಿತ್ರ ಇಟ್ಟುಕೊಂಡು ಕೂರುತ್ತಾರೆ. ಅಲ್ಲಿ ಹೋಗಿ ಸುಮ್ನೆ ಮಾತಾಡಿಸಿ. ಯಾವ ಅಳತೆ ಹೋಗುತ್ತದೆ, ಜನ ಏನು ಕೇಳುತ್ತಾರೆ ಎಂಬುದೆಲ್ಲ ತಿಳಿಯುತ್ತದೆ. 1999ರಿಂದ ನಡೆಯುತ್ತಿರುವ ಕಾಲಾ ಘೋಡಾ ಕಲಾ ಉತ್ಸವದ ಮಳಿಗೆಗೆ ಮೊದಲೇ ಅರ್ಜಿ ಹಾಕಬೇಕು. ಮಾಟುಂಗಾದ ಕರ್ನಾಟಕ ಸಂಘ, ಮೈಸೂರ್ ಅಸೋಸಿಯೇಷನ್ ಕಡೆಗೂ ಒಂದು ಫೋಲ್ಡರ್ ಹಿಡಿದು ಹೋಗಿ. ಪುಸ್ತಕದ ಮುಖಪುಟ, ನಾಟಕದ ಪೋಸ್ಟರ್, ಮದುವೆಯ ಕರೆಯೋಲೆ ಮಾಡಿಸುವವರು ಇಂಥ ಕಡೆಯೇ ಪರಿಚಯವಾಗುತ್ತಾರೆ. ಫೋಲ್ಡರಿನಲ್ಲಿ ಹತ್ತು ಹನ್ನೆರಡು ಕೆಲಸ ಸಾಕು, ಎಲ್ಲವೂ ಗಟ್ಟಿಯಾಗಿರಲಿ.

ಕಾಗದದ ಮೇಲೆ ಮಾತು

ಸಂಕೋಚದಿಂದ ಹೊಸಬರು ಬಿಟ್ಟುಬಿಡುವ ಕೆಲಸ ಇದೇ. ಚಿತ್ರ ಯಾವುದಕ್ಕೆ, ಎಷ್ಟು ಕಾಲಕ್ಕೆ, ಎಷ್ಟು ಸಲ ತಿದ್ದುಪಡಿ, ಮುಂಗಡ ಎಷ್ಟು ಎಂಬುದನ್ನು ಚಿತ್ರ ಮಾಡಿಸುವವರಿಂದ ಇಮೇಲಿನಲ್ಲಾದರೂ ಬರೆಸಿಕೊಳ್ಳಿ. ಚಿತ್ರದ ಕೃತಿಸ್ವಾಮ್ಯದ ಹಕ್ಕು ಬಿಟ್ಟುಕೊಡುವುದಾದರೆ ಸಹಿ ಮಾಡಿದ ಪತ್ರವೇ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ನೋಡಿ. ಯಾರೋ ದುಡ್ಡು ಕೊಟ್ಟು ಪೇಂಟಿಂಗ್, ಭಾವಚಿತ್ರ ಅಥವಾ ಎನ್‌ಗ್ರೇವಿಂಗ್ (ಕೆತ್ತಿ ತೆಗೆದ ಅಚ್ಚುಚಿತ್ರ) ಮಾಡಿಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಹಕ್ಕು ಮಾಡಿಸಿದವರದ್ದೇ. ಕಾಯ್ದೆಯ ಪ್ರಕಾರ ಮರದಚ್ಚು, ಲಿಥೋ, ಪ್ರಿಂಟುಗಳೂ ಎನ್‌ಗ್ರೇವಿಂಗ್ ಲೆಕ್ಕಕ್ಕೇ ಬರುತ್ತವೆ. ಆದ್ದರಿಂದ ‘ಹಕ್ಕು ಕಲಾವಿದರದ್ದು, ನಿಮಗೆ ಇಂಥ ಬಳಕೆಗೆ ಮಾತ್ರ ಅನುಮತಿ’ ಎಂಬ ಸಾಲು ನಿಮ್ಮ ಒಪ್ಪಂದದಲ್ಲಿ ಇರಲೇಬೇಕು. ಹಕ್ಕು ಬರೆದುಕೊಟ್ಟಾಗ ಅವಧಿ ನಮೂದಿಸದಿದ್ದರೆ 19ನೇ ಕಲಮಿನಂತೆ ಅದು 5 ವರ್ಷ ಎಂದು ಲೆಕ್ಕ. ಪ್ರದೇಶ ಹೇಳದಿದ್ದರೆ ಇಡೀ ಭಾರತ. ಒಪ್ಪಿಗೆ ಬಂದ ಮೇಲೆಯೇ ಉಳಿ ಕೈಗೆತ್ತಿಕೊಳ್ಳಿ. ಬಿಲ್ಲಿನಲ್ಲೂ ಆ ಬಳಕೆಯನ್ನು ಇನ್ನೊಮ್ಮೆ ಬರೆದು ಕಳಿಸಿ.